ಕ್ಲಿನಿಕ್ಕಿಗೆ ವಾಟ್ಸಾಪ್ ಮಾಡುವ ಮುಂಚೆ: ಒಪ್ಪಿಗೆ, ಗುಟ್ಟು ಮತ್ತು ಕೌಂಟರಿನ ಮೇಲಿನ ಫೋನು

ಏಳು ವರ್ಷ ನಾನು ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತಿದ್ದವಳು. ನನ್ನ ಮುಂದೆ ಟೋಕನ್ ಪುಸ್ತಕ, ಸೀಲು, ಸ್ಟೇಪ್ಲರು, ಪಕ್ಕದಲ್ಲೊಂದು ಫೋನು. ಅದರ ಗಾಜು ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು, ಚಾರ್ಜರಿನ ವೈರಿಗೆ ಬ್ಯಾಂಡೇಜಿನ ಟೇಪು ಸುತ್ತಿದ್ದೆವು. ಹೊರಗಿನ ಬೋರ್ಡಿನಲ್ಲಿ 'ವಾಟ್ಸಾಪ್ ಮಾಡಿ' ಎಂದು ಬರೆಸಿದ್ದ ನಂಬರು ಇದರದ್ದೇ. ಬೆಳಿಗ್ಗೆ ನಾನು, ಸಂಜೆ ಇನ್ನೊಬ್ಬಳು, ನಾವು ಊಟಕ್ಕೆ ಎದ್ದಾಗ ಕಾಂಪೌಂಡರು, ಒಮ್ಮೊಮ್ಮೆ ಪಕ್ಕದ ಮೆಡಿಕಲ್ ಶಾಪಿನ ಹುಡುಗ, ಹೀಗೆ ಎಲ್ಲರ ಕೈಯಲ್ಲೂ ಅದು ಓಡಾಡುತ್ತಿತ್ತು. ಡಾಕ್ಟರು ಅದನ್ನು ನೋಡುತ್ತಿದ್ದದ್ದು ನಾವು ಒಳಗೆ ತೆಗೆದುಕೊಂಡು ಹೋಗಿ ತೋರಿಸಿದರೆ ಮಾತ್ರ.

ಆ ನಂಬರಿಗೆ ಬರುತ್ತಿದ್ದ ಎಷ್ಟೋ ಮೆಸೇಜುಗಳು ಶುರುವಾಗುತ್ತಿದ್ದದ್ದು ಹೀಗೆ: 'ಡಾಕ್ಟ್ರೇ, ಒಂದು ವಿಷಯ. ಯಾರಿಗೂ ಹೇಳ್ಬೇಡಿ.' ಓದುತ್ತಿದ್ದವಳು ನಾನು.

ಹಾಗಂತ ಕ್ಲಿನಿಕ್ಕಿಗೆ ಮೆಸೇಜು ಮಾಡಲೇಬೇಡಿ ಅನ್ನುವ ಪೈಕಿ ನಾನಲ್ಲ. ಎರಡು ಬಸ್ಸು ಬದಲಿಸಿ ಹಳ್ಳಿಯಿಂದ ಬಂದು, 'ಇವತ್ತು ಡಾಕ್ಟರು ರಜ' ಎಂದು ಕೇಳಿ ಸುಮ್ಮನೆ ವಾಪಸು ಹೋದವರನ್ನು ನೋಡಿದ್ದೇನೆ. ಒಂದು ಮೆಸೇಜು ಅವರ ಒಂದು ದಿನದ ಕೂಲಿ ಉಳಿಸುತ್ತಿತ್ತು. ಆದರೆ ಮೆಸೇಜು ಯಾರ ಕೈಗೆ ಬೀಳುತ್ತದೆ, ಅವರು ಅದನ್ನು ಏನು ಮಾಡಬಹುದು ಎಂದು ನಿಮಗೆ ನೀವೇ ವಿಧಿಸಿಕೊಳ್ಳುವ ಒಂದು ತಪಾಸಣೆ ಇರಲಿ. ನಾನೀಗ ಮನೆಯವರಿಗೆ ಹೇಳಿಕೊಡುವ ಕ್ರಮ ಇದು.

ಹೆಜ್ಜೆ 1: ನಂಬರು ಯಾರದು, ಫೋನು ಯಾರ ಕೈಯಲ್ಲಿದೆ?

ನಂಬರನ್ನು ಚೀಟಿಯಿಂದ ತೆಗೆದುಕೊಳ್ಳಿ. ಡಾಕ್ಟರು ಬರೆದುಕೊಟ್ಟ ಔಷಧಿ ಚೀಟಿ, ಫೈಲಿನ ಮುಖಪುಟ, ಕ್ಲಿನಿಕ್ಕಿನ ಬಾಗಿಲ ಬೋರ್ಡು, ಈ ಮೂರರಲ್ಲಿ ಒಂದರಿಂದ. ಗೂಗಲಿನಲ್ಲಿ ಆಸ್ಪತ್ರೆಯ ಹೆಸರು ಹುಡುಕಿದಾಗ ಮೇಲೆ ಕಾಣುವ ನಂಬರು ಮೋಸಗಾರರದ್ದೂ ಇರಬಹುದು. ಅಂಥವರ ಮಾತಿನ ಧಾಟಿ ಒಂದೇ: 'ಅಪಾಯಿಂಟ್‌ಮೆಂಟಿಗೆ ಐದು ರೂಪಾಯಿ ಕಟ್ಟಿ, ಲಿಂಕ್ ಕಳಿಸಿದ್ದೇನೆ, ಒತ್ತಿ.' ಲಿಂಕಿನ ಜಾಗದಲ್ಲಿ ಎಪಿಕೆ ಫೈಲು, ಅಂದರೆ ಒತ್ತಿದರೆ ಆ್ಯಪ್ ಹಾಕಿಬಿಡುವ ಫೈಲು, ಬಂದರೆ ಇನ್ನೂ ಕೆಟ್ಟದ್ದು. ಅದನ್ನು ಇನ್‌ಸ್ಟಾಲ್ ಮಾಡಿದರೆ ಫೋನಿಗೆ ಬರುವ ಒಟಿಪಿಗಳೆಲ್ಲ ಅವರ ಪಾಲು. ಟೋಕನ್ ಕೊಡಲು ಯಾವ ಕ್ಲಿನಿಕ್ಕಿಗೂ ನಿಮ್ಮ ಒಟಿಪಿ ಹೇಳಬೇಕಾಗಿಲ್ಲ, ಅವರು ಕಳಿಸಿದ ಆ್ಯಪನ್ನು ಹಾಕಿಕೊಳ್ಳಬೇಕಾಗಿಯೂ ಇಲ್ಲ.

ನಂಬರು ನಿಜದ್ದೇ ಎಂದಾದ ಮೇಲೆ ಇಷ್ಟು ಕೇಳಿ:

'ನಮಸ್ಕಾರ. ಈ ನಂಬರನ್ನು ಯಾರು ನೋಡುತ್ತಾರೆ, ಡಾಕ್ಟರೋ ಸಿಬ್ಬಂದಿಯೋ? ರಿಪೋರ್ಟ್ ಕಳಿಸಲು ಬೇರೆ ನಂಬರು ಅಥವಾ ಇಮೇಲ್ ಇದೆಯಾ?'

ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನನ್ನು ಕೇಳಿದವರು ಏಳು ವರ್ಷದಲ್ಲಿ ಬೆರಳೆಣಿಕೆಯಷ್ಟು ಜನ. ಕೇಳಿದವರಿಗೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ.

'ವಾಟ್ಸಾಪಿನಲ್ಲಿ ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತಲ್ಲ' ಅಂತ ಓದಿದವರು ವಾದ ಮಾಡುತ್ತಾರೆ. ನಿಜ, 2016ರಿಂದ ಹಾಗಿದೆ. ಆದರೆ ಆ ಬೀಗ ಇರುವುದು ದಾರಿಯಲ್ಲಿ ಹೋಗುವ ಅಂಚೆ ಚೀಲಕ್ಕೆ. ಚೀಲ ಬಿಚ್ಚುವ ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂಬುದು ಬೀಗಕ್ಕೆ ಗೊತ್ತಿಲ್ಲ. ಅಲ್ಲದೆ ದೊಡ್ಡ ಆಸ್ಪತ್ರೆಗಳು, ಲ್ಯಾಬುಗಳು ಬಿಸಿನೆಸ್ ಖಾತೆ ಇಟ್ಟುಕೊಂಡು ಮೆಸೇಜುಗಳ ನಿರ್ವಹಣೆಯನ್ನು ವಾಟ್ಸಾಪಿನ ಒಡೆಯ ಕಂಪನಿ ಮೆಟಾಗೋ ಇನ್ನೊಂದು ಕಂಪನಿಗೋ ವಹಿಸಿರುತ್ತವೆ. ಚಾಟಿನ ಮೇಲ್ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಆ ಕುರಿತು ಒಂದು ಸಾಲು ಬರುತ್ತದೆ. ಅದನ್ನು ಒತ್ತಿ ಓದಿ.

ಹೆಜ್ಜೆ 2: ವಿಷಯವನ್ನು ಜರಡಿ ಹಿಡಿಯಿರಿ

ಡಾಕ್ಟರು ಇದ್ದಾರಾ, ಟೋಕನ್ ಎಷ್ಟಕ್ಕೆ ಬಂತು, ಖಾಲಿ ಹೊಟ್ಟೆಯಲ್ಲಿ ಬರಬೇಕಾ, ಇಂಥವನ್ನು ಧಾರಾಳವಾಗಿ ಕೇಳಿ.

ಶುಗರು, ಥೈರಾಯ್ಡು, ಎಕ್ಸ್‌ರೇ ಮುಂತಾದವನ್ನು, ಯಾರು ನೋಡುತ್ತಾರೆಂದು ತಿಳಿದ ಮೇಲೆ ಕಳಿಸಬಹುದು.

ಮೂರನೆಯ ರಾಶಿಯೇ ಬೇರೆ: ಎಚ್‌ಐವಿ ಪರೀಕ್ಷೆ, ಗರ್ಭಪಾತ, ಮನೋವೈದ್ಯರ ಚಿಕಿತ್ಸೆ, ಗುಪ್ತಾಂಗದ ಫೋಟೋ. ಇವುಗಳ ಗುಟ್ಟು ಕಾಯಲೆಂದೇ ಕಾನೂನುಗಳಿವೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಬಹಿರಂಗ ಮಾಡುವುದನ್ನು ತಡೆಯುತ್ತದೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ನು ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕು ಕೊಟ್ಟಿದೆ. ಆದರೂ ಕಾನೂನು ಬರುವುದು ಗುಟ್ಟು ರಟ್ಟಾದ ಮೇಲೆ. ಹಾಗಾಗಿ ಈ ರಾಶಿಗೆ ಸೇರಿದ ಯಾವುದನ್ನೂ ಕೌಂಟರಿನ ನಂಬರಿಗೆ ಬರೆಯಬೇಡಿ. 'ಡಾಕ್ಟರ ಹತ್ತಿರ ಒಂದು ವಿಷಯ ಮಾತಾಡಬೇಕು, ಸಮಯ ಕೊಡಿ' ಅಂದರೆ ಸಾಕು. ಕಾರಣ ಕೇಳಿದರೆ 'ಅವರ ಹತ್ತಿರವೇ ಹೇಳುತ್ತೇನೆ' ಅನ್ನಿ. ಮನಸ್ಸಿನ ಕಷ್ಟವಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಸ್ಕ್ಯಾನಿಂಗ್ ರಿಪೋರ್ಟು ಕಳಿಸಿ 'ಗಂಡೋ ಹೆಣ್ಣೋ ಹೇಳಿ' ಎಂದು ಕೇಳುವವರು ಈಗಲೂ ಇದ್ದಾರೆ. ಕೇಳಿದವರಿಗೂ ಹೇಳಿದವರಿಗೂ ಅದು ಅಪರಾಧ, 1994ರ ಕಾಯ್ದೆಯ ಪ್ರಕಾರ.

ಎದೆನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಹಾವು ಕಚ್ಚಿದ್ದು: ಇವಕ್ಕೆ ಮೆಸೇಜೇ ಬೇಡ, 108. ರಾತ್ರಿ ಹತ್ತಕ್ಕೆ ನಮ್ಮ ಕೌಂಟರಿನ ಫೋನು ಡ್ರಾಯರಿನೊಳಗೆ ಬೀಗ ಹಾಕಿಸಿಕೊಂಡು ಮಲಗಿರುತ್ತಿತ್ತು. ಬೆಳಿಗ್ಗೆ ತೆಗೆದಾಗ ಕಾಣುತ್ತಿದ್ದ ಕೆಲವು ಮೆಸೇಜುಗಳನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಹೆಜ್ಜೆ 3: 'ಓಕೆ' ಅನ್ನುವ ಮುಂಚೆ, ಯಾವುದಕ್ಕೆ ಓಕೆ ಎಂದು ನೋಡಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಒಪ್ಪಿಗೆ ಅಂದರೆ ಆಪರೇಷನ್ನಿನ ಮುಂಚೆ ಹಾಕುವ ಸಹಿ ಎಂದಷ್ಟೇ ನಾವು ತಿಳಿದಿದ್ದೇವೆ. ಫೋನಿನಲ್ಲಿ ಅದು ನಮಗೇ ಗೊತ್ತಾಗದ ಹಾಗೆ ಆಗಿಬಿಡುತ್ತದೆ.

2020ರ ಮಾರ್ಚ್ 25ರಂದು, ಕೊರೊನಾ ಲಾಕ್‌ಡೌನಿನ ಮೊದಲ ದಿನ, ಕೇಂದ್ರ ಸರ್ಕಾರ ಟೆಲಿಮೆಡಿಸಿನ್, ಅಂದರೆ ಫೋನು, ಇಂಟರ್ನೆಟ್ಟಿನ ಮೂಲಕ ವೈದ್ಯರ ಸಲಹೆ, ಇದಕ್ಕೊಂದು ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಸಲಹೆಗಾಗಿ ನೀವೇ ಮೊದಲು ಮೆಸೇಜು ಅಥವಾ ಕರೆ ಮಾಡಿದರೆ, ನೀವು ಒಪ್ಪಿದ್ದೀರಿ ಎಂದೇ ಲೆಕ್ಕ. ಬೇರೆ ಪತ್ರ ಬೇಕಿಲ್ಲ. ಡಾಕ್ಟರೋ ಆರೋಗ್ಯ ಕಾರ್ಯಕರ್ತರೋ ನಿಮ್ಮನ್ನು ಆರೈಕೆ ಮಾಡುವವರೋ ಮೊದಲು ಮಾಡಿದರೆ ಮಾತ್ರ ನಿಮ್ಮ ಸ್ಪಷ್ಟ ಒಪ್ಪಿಗೆ ಪಡೆದು ದಾಖಲಿಸಬೇಕು. ಮೆಸೇಜು, ಇಮೇಲು, ಧ್ವನಿ, ವಿಡಿಯೋ, ಯಾವ ರೂಪದಲ್ಲಾದರೂ ನಡೆಯುತ್ತದೆ. ಮಧ್ಯದಲ್ಲಿ ಬೇಡ ಅನ್ನಿಸಿದರೆ ನಿಲ್ಲಿಸುವ ಹಕ್ಕು ನಿಮಗಿದೆ. ನೀವು ಖುದ್ದಾಗಿ ಬರುತ್ತೇನೆ ಅಂದರೂ 'ಆನ್‌ಲೈನಿನಲ್ಲೇ ತೋರಿಸಿ' ಎಂದು ಒತ್ತಾಯಿಸುವುದನ್ನು ಈ ಮಾರ್ಗಸೂಚಿ ದುರ್ನಡತೆ ಎನ್ನುತ್ತದೆ. ಇನ್ನೂ ಒಂದು ಮಾತು ಅದರಲ್ಲಿದೆ: ಕೃತಕ ಬುದ್ಧಿಮತ್ತೆಯ ಯಂತ್ರ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ಹಾಗಾಗಿ ಕಣ್ಣು ಮಿಟುಕಿಸುವುದರೊಳಗೆ ಉದ್ದುದ್ದ ಉತ್ತರ ಬಂದರೆ, 'ಇದನ್ನು ಬರೆದದ್ದು ಡಾಕ್ಟರೇನಾ?' ಎಂದು ಕೇಳಿ.

ಸಲಹೆಗೆ ಒಪ್ಪಿದ್ದನ್ನು ಎಲ್ಲದಕ್ಕೂ ಒಪ್ಪಿದ ಹಾಗೆ ಎಣಿಸುವುದರಲ್ಲಿ ಗಲಾಟೆ ಶುರು. ನನಗೆ ಗೊತ್ತಿರುವ ಹುಡುಗಿಯೊಬ್ಬಳು ಮೊಡವೆಯ ಚಿಕಿತ್ಸೆಗೆ ಹೋಗಿದ್ದ ಕಡೆ, ವಾರ ವಾರ ಮುಖದ ಫೋಟೋ ಕಳಿಸಲು ಹೇಳಿದ್ದರು. ಮೂರು ತಿಂಗಳಾದ ಮೇಲೆ ಆ ಕ್ಲಿನಿಕ್ಕಿನ ಸ್ಟೇಟಸ್ಸಿನಲ್ಲಿ 'ಮೊದಲು', 'ಈಗ' ಎಂದು ಎರಡು ಚಿತ್ರ. ಕಣ್ಣಿಗೆ ಕರಿಪಟ್ಟಿ ಹಾಕಿದ್ದರು. ಆದರೆ ಕಿವಿಯಲ್ಲಿದ್ದ ಜುಮುಕಿ ಅವಳದ್ದೇ, ಅಜ್ಜಿ ಕೊಟ್ಟದ್ದು. ಓಣಿಯವರಿಗೆಲ್ಲ ಗುರುತು ಸಿಕ್ಕಿತು. ಕೇಳಲು ಹೋದರೆ, 'ಫೋಟೋ ಕಳಿಸಿ ಅಂದಾಗ ಓಕೆ ಅಂದಿದ್ರಲ್ಲ ಮೇಡಂ' ಅಂದರಂತೆ. ಚಿಕಿತ್ಸೆಗೆ ಅಂದ ಓಕೆ ಜಾಹೀರಾತಿಗೆ ಸಲ್ಲುವುದಿಲ್ಲ. ರೋಗಿಗಳ ಚಿತ್ರ ಮತ್ತು ಮಾಹಿತಿಯ ದುರ್ಬಳಕೆಯೂ ಅದೇ ಮಾರ್ಗಸೂಚಿಯ ದುರ್ನಡತೆಯ ಪಟ್ಟಿಯಲ್ಲಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನು ಇನ್ನೂ ಬಿಗಿಯಾಗಿ ಹೇಳಿದೆ. ಒಪ್ಪಿಗೆ ಒತ್ತಾಯವಿಲ್ಲದ್ದಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಇರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು. ಕಾಯ್ದೆಯಲ್ಲೇ ಒಂದು ಉದಾಹರಣೆ ಕೊಟ್ಟಿದ್ದಾರೆ, ಅದೂ ಟೆಲಿಮೆಡಿಸಿನ್ ಆ್ಯಪಿನದ್ದೇ: ಆ್ಯಪು ವೈದ್ಯಕೀಯ ಸೇವೆಗೆ ಒಪ್ಪಿಗೆ ಕೇಳುವಾಗ ಜೊತೆಯಲ್ಲೇ ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳುತ್ತದೆ, ಆ್ಯಪ್ ಹಾಕಿಕೊಂಡವಳು ಎರಡಕ್ಕೂ ಹೂಂ ಅಂದರೂ, ಸೇವೆಗೆ ಆ ಪಟ್ಟಿ ಬೇಡವಾದ್ದರಿಂದ ಒಪ್ಪಿಗೆ ಮೊದಲನೆಯದಕ್ಕೆ ಮಾತ್ರ. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆಯೂ ಸಿಗಬೇಕು, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ನಮ್ಮದೂ ಒಂದು. ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ. ಹಾಗಂತ ಅಲ್ಲಿಯವರೆಗೆ ಎಲ್ಲ ಬಯಲು ಎಂದಲ್ಲ. ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದು ಗುರುತಿಸಿದ 2011ರ ಐಟಿ ನಿಯಮಗಳಿವೆ. ಅವೆಲ್ಲಕ್ಕಿಂತ ಮೇಲೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ ತೀರ್ಪಿದೆ. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ರಿಪೋರ್ಟಿನ ಜೊತೆ ಈ ನಾಲ್ಕು ಸಾಲು ಹಾಕಿ, ನಕಲು ಮಾಡಿಟ್ಟುಕೊಂಡರೂ ಆದೀತು:

'ಇದನ್ನು ಡಾಕ್ಟರಿಗೆ ತೋರಿಸಿ ಸಲಹೆ ಪಡೆಯಲು ಮಾತ್ರ ಕಳಿಸುತ್ತಿದ್ದೇನೆ. ನನ್ನನ್ನು ಕೇಳದೆ ಬೇರೆಯವರಿಗೆ ಕಳಿಸಬೇಡಿ. ಪ್ರಚಾರಕ್ಕೆ, ಸ್ಟೇಟಸ್ಸಿಗೆ ಬಳಸಲು ನನ್ನ ಒಪ್ಪಿಗೆ ಇಲ್ಲ. ಈ ನಂಬರಿಗೆ ಆಫರಿನ ಮೆಸೇಜು ಬೇಡ.'

ಹೆಜ್ಜೆ 4: ಬರೆಯುವ ಕೈ

ಮೊದಲ ಸಾಲಿನಲ್ಲಿ ರೋಗದ ಹೆಸರು ಬೇಡ. ಫೋನು ಬೀಗ ಹಾಕಿದ್ದರೂ ಮೊದಲ ಸಾಲು ಪರದೆಯ ಮೇಲೆ ತೇಲುತ್ತದೆ. ಟೋಕನ್ನಿಗೆ ಬಗ್ಗಿ ನಿಂತ ಮುಂದಿನ ರೋಗಿಯೂ ಅದನ್ನು ಓದಬಹುದು, ಓದಿದ್ದನ್ನು ನಾನೇ ನೋಡಿದ್ದೇನೆ. 'ನಮಸ್ಕಾರ, ಫೈಲ್ ನಂಬರ್ 412, ಮರುಭೇಟಿ ವಿಚಾರ' ಎಂದು ಶುರುಮಾಡಿ. ಫೈಲ್ ನಂಬರಿದ್ದರೆ ಕೌಂಟರಿನವರಿಗೂ ಸುಲಭ. ಒಂದೇ ಹೆಸರಿನ ಹತ್ತು ಜನ ಇರುತ್ತಾರೆ.

ಫೋಟೋ ತೆಗೆಯುವಾಗ ಬೇಕಾದಷ್ಟೇ ತೆಗೆಯಿರಿ. ಕೈಮೇಲಿನ ಗುಳ್ಳೆ ತೋರಿಸಲು ಮುಖ ಯಾಕೆ, ಹಿಂದೆ ಗೋಡೆಗೆ ತೂಗುಹಾಕಿದ ಮಗಳ ಶಾಲೆಯ ಐಡಿ ಕಾರ್ಡು ಯಾಕೆ? ಆಧಾರ್ ಕೇಳಿದರೆ 'ಯಾತಕ್ಕೆ' ಎಂದು ಕೇಳಿ. ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಬಹುದು. ವಾಟ್ಸಾಪಿನಲ್ಲಿ 'ಒಮ್ಮೆ ಮಾತ್ರ ನೋಡಿ' ಎಂಬ ಸೌಲಭ್ಯವಿದೆ. ಅದು ಒಳ್ಳೆಯದೇ, ಆದರೆ ಪಕ್ಕದಲ್ಲಿ ಇನ್ನೊಂದು ಫೋನು ಹಿಡಿದು ಫೋಟೋ ತೆಗೆಯುವುದನ್ನು ಅದು ತಡೆಯದು. ಡಾಕ್ಟರಿಗೆ ಎರಡನೇ ಸಲ ನೋಡಬೇಕಾಗಿ ಬಂದರೆ ಮತ್ತೆ ಕಳಿಸಬೇಕಾಗುತ್ತದೆ ಎಂಬುದೂ ನೆನಪಿರಲಿ.

ದಪ್ಪ ಫೈಲಿನಂಥ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟು ಇದ್ದರೆ ಪಿಡಿಎಫ್ ಮಾಡಿ ಪಾಸ್‌ವರ್ಡ್ ಹಾಕಿ. ಪಾಸ್‌ವರ್ಡನ್ನು ಅದೇ ಚಾಟಿನಲ್ಲಿ ಬರೆದರೆ ಬೀಗದ ಕೈಯನ್ನು ಬೀಗಕ್ಕೇ ನೇತುಹಾಕಿದ ಹಾಗೆ. ಫೋನು ಮಾಡಿ ಹೇಳಿ. ಲ್ಯಾಬಿನವರು ತಾವೇ ಪಾಸ್‌ವರ್ಡ್ ಹಾಕಿದ್ದಾರೆಂದು ನಿಶ್ಚಿಂತೆ ಬೇಡ, ಅದು ನಿಮ್ಮ ಮೊಬೈಲ್ ನಂಬರೋ ಹುಟ್ಟಿದ ವರ್ಷವೋ ಆಗಿದ್ದರೆ ಮನೆಮಂದಿಗೆಲ್ಲ ಗೊತ್ತಿರುವಂಥದ್ದೇ.

ಹೆಜ್ಜೆ 5: ನಿಮ್ಮ ಫೋನು ನಿಮ್ಮದೊಬ್ಬರದೇನಾ?

ಕ್ಲಿನಿಕ್ಕನ್ನು ಬೈದದ್ದಾಯಿತು. ಆದರೆ ನಮ್ಮ ಮನೆಗಳಲ್ಲಿ ಗುಟ್ಟು ಸೋರುವುದು ಹೆಚ್ಚಾಗಿ ಮನೆಯೊಳಗೇ. ಅಮ್ಮನ ಫೋನಿನಲ್ಲಿ ಮಗ ಆಟ ಆಡುತ್ತಾನೆ, ಸೊಸೆಯ ನಂಬರಿಗೆ ಬಂದ ಒಟಿಪಿ ಅತ್ತೆ ಓದುತ್ತಾರೆ. ಕ್ಲಿನಿಕ್ಕಿನಲ್ಲಿ ನಂಬರು ಕೇಳಿದಾಗ 'ಮನೆಯವರದ್ದು ಬರೆದುಕೊಳ್ಳಿ' ಎಂದು ಗಂಡನ ನಂಬರು ಕೊಡುವ ಹೆಂಗಸರು ಬಹಳ. ರಿಪೋರ್ಟು ಅಲ್ಲಿಗೇ ಹೋಗುತ್ತದೆ. ಬೇಡವಾದರೆ 'ಮೆಸೇಜು ಕಳಿಸಬೇಡಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ' ಎಂದು ಕೌಂಟರಿನಲ್ಲೇ ಹೇಳಿ, ಫೈಲಿನ ಮೇಲೆ ಬರೆಸಿ.

ಫೋನಿನಲ್ಲಿ ಮಾಡಬೇಕಾದ್ದು ಐದು ನಿಮಿಷದ ಕೆಲಸ. ನೋಟಿಫಿಕೇಷನ್ನಿನಲ್ಲಿ ಮೆಸೇಜಿನ ಒಳಗಿನದು ಕಾಣದ ಹಾಗೆ ಮಾಡಿ. ಆ ಚಾಟಿನ ಮೀಡಿಯಾ ಗ್ಯಾಲರಿಗೆ ಇಳಿಯುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಮದುವೆಯ ಫೋಟೋ ತೋರಿಸುತ್ತ ಬೆರಳು ಸರಿಸಿದಾಗ ಸ್ಕ್ಯಾನಿಂಗ್ ರಿಪೋರ್ಟು ಎದ್ದು ಬರುತ್ತದೆ. ಚಾಟ್ ಲಾಕ್ ಹಾಕಿ. ಲಿಂಕ್ಡ್ ಡಿವೈಸಸ್ ತೆರೆದು ನೋಡಿ, ಆಫೀಸಿನ ಕಂಪ್ಯೂಟರಿನಲ್ಲಿ ಎಂದೋ ತೆರೆದಿಟ್ಟ ವಾಟ್ಸಾಪ್ ವೆಬ್ ಇನ್ನೂ ಅಲ್ಲೇ ಇದ್ದೀತು. ಕೊನೆಗೆ ಬ್ಯಾಕಪ್: ಚಾಟಿಗಿರುವ ಎನ್‌ಕ್ರಿಪ್ಷನ್ ಬ್ಯಾಕಪ್ಪಿಗೂ ಬೇಕೆಂದರೆ ಸೆಟ್ಟಿಂಗ್ಸಿನಲ್ಲಿ ನೀವೇ ಅದನ್ನು ಆನ್ ಮಾಡಬೇಕು.

ಹೆಜ್ಜೆ 6: ಅಪ್ಪ-ಅಮ್ಮನ ಪರವಾಗಿ ಬರೆಯುವಾಗ

ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಇರುವ ಮಗ ಊರಿನ ಡಾಕ್ಟರಿಗೆ ಅಪ್ಪನ ರಿಪೋರ್ಟು ಕಳಿಸುವುದು ಈಗ ದಿನನಿತ್ಯದ ಮಾತು. ಅಪ್ಪನಿಗೆ ಬುದ್ಧಿ ಸ್ವಾಧೀನದಲ್ಲಿದ್ದರೆ ರಿಪೋರ್ಟು ಅಪ್ಪನದ್ದು, ಅವರನ್ನು ಕೇಳಬೇಕು. ಮರೆವಿನ ಕಾಯಿಲೆಯಂಥ ಸ್ಥಿತಿಯಲ್ಲಿ ಆರೈಕೆ ಮಾಡುವವರು ಅವರ ಪರ ಮಾತಾಡಬಹುದೆಂದು 2020ರ ಮಾರ್ಗಸೂಚಿ ಒಪ್ಪುತ್ತದೆ. ಉಳಿದಂತೆ ಅಧಿಕಾರ ಕೊಟ್ಟ ಪತ್ರವೋ ಸಂಬಂಧ ತೋರಿಸುವ ದಾಖಲೆಯೋ ಬೇಕು, ಅಥವಾ ಹಿಂದೆ ಖುದ್ದಾಗಿ ಬಂದಾಗ ರೋಗಿಯೇ ಪರಿಚಯ ಮಾಡಿಸಿರಬೇಕು. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಜೊತೆ ಕ್ಲಿನಿಕ್ಕಿಗೆ ಹೋಗಿ, 'ನನ್ನ ವಿಷಯ ಇವನ ಹತ್ತಿರ ಹೇಳಬಹುದು' ಎಂದು ಅವರ ಬಾಯಲ್ಲೇ ಹೇಳಿಸಿ, ಫೈಲಿನಲ್ಲಿ ನಿಮ್ಮ ನಂಬರು ಬರೆಸಿಬಿಡಿ. ಈ ಒಂದು ಕೆಲಸ ಆಮೇಲಿನ ನೂರು ತಕರಾರು ತಪ್ಪಿಸುತ್ತದೆ.

ಒಂದು ಬೇಡಿಕೆ: ಅಪ್ಪನ ರಿಪೋರ್ಟನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಚಿಕ್ಕಪ್ಪನ ಷಡ್ಡಕ ಗ್ರೂಪಿನಲ್ಲಿರುವುದು ನಿಮಗೆ ಮರೆತಿರುತ್ತದೆ.

ಹೆಜ್ಜೆ 7: ಮುಗಿದ ಮೇಲೆ ಗುಡಿಸಿ

ಚಿಕಿತ್ಸೆ ಮುಗಿದ ಮೇಲೆ ಚಾಟಿನಲ್ಲಿರುವ ಫೋಟೋಗಳನ್ನು ತೆಗೆಯಲು ಕೇಳಬಹುದು. 'ನನ್ನ ಫೋಟೋಗಳನ್ನು ಫೋನಿನ ಗ್ಯಾಲರಿಯಿಂದಲೂ ಅಳಿಸಿ, ಅಳಿಸಿದ ಮೇಲೆ ತಿಳಿಸಿ' ಅನ್ನಿ. ಗ್ಯಾಲರಿ ಎಂಬ ಪದ ಮುಖ್ಯ. ನಮ್ಮ ಫೋನಿನಲ್ಲಿ ಮೆಮೊರಿ ತುಂಬಿ ಹ್ಯಾಂಗ್ ಆಗುವವರೆಗೂ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. 2023ರ ಹೊಸ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಾಗಿರಬೇಕು.

ಆದರೆ ವೈದ್ಯಕೀಯ ದಾಖಲೆಯನ್ನೇ ಅಳಿಸಿ ಎಂದರೆ ಆಗದು. ಟೆಲಿಮೆಡಿಸಿನ್ನಿನಲ್ಲೂ ಡಾಕ್ಟರು ದಾಖಲೆ ಇಡಲೇಬೇಕು; ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕೆಂದು 2002ರ ವೈದ್ಯಕೀಯ ನಡತೆ ನಿಯಮಗಳು ಹೇಳುತ್ತವೆ. ಅದೇ ನಿಯಮದಲ್ಲಿ ನಿಮಗೆ ಉಪಯೋಗದ ಮಾತೂ ಇದೆ: ನೀವು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಪ್ರತಿಯೊಂದನ್ನು ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್‌ನಂಥ ಆಸ್ಪತ್ರೆಯ ಸರ್ವರುಗಳೇ ಸೈಬರ್ ದಾಳಿಗೆ ಸಿಕ್ಕಿ, ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು.

ಹೆಜ್ಜೆ 8: ಎಡವಟ್ಟಾದರೆ

ನೀವೇ ತಪ್ಪು ನಂಬರಿಗೆ ಕಳಿಸಿದ್ದರೆ ತಕ್ಷಣ 'ಎಲ್ಲರಿಗೂ ಅಳಿಸಿ' ಒತ್ತಿ. ಎರಡು ದಿನದವರೆಗೆ ಅವಕಾಶವಿದೆ, ಆದರೆ ಅಷ್ಟರಲ್ಲಿ ಅವರು ನೋಡಿರಲೂಬಹುದು.

ಕ್ಲಿನಿಕ್ಕಿನ ಕಡೆಯಿಂದ ತಪ್ಪಾಗಿದ್ದರೆ ಜಗಳಕ್ಕೆ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಸ್ಟೇಟಸ್ಸು 24 ಗಂಟೆಯಲ್ಲಿ ಮಾಯ. ಆಮೇಲೆ ದಿನಾಂಕ ಹಾಕಿ ಬರಹದಲ್ಲಿ ದೂರು ಕೊಡಿ. 2011ರ ಐಟಿ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಸಣ್ಣ ಕ್ಲಿನಿಕ್ಕಿನಲ್ಲಿ ಆ ಹೆಸರಿನ ಅಧಿಕಾರಿ ಯಾರೂ ಸಿಗಲಿಕ್ಕಿಲ್ಲ, ಡಾಕ್ಟರಿಗೇ ಬರೆಯಿರಿ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಹಣ ಹೋಗಿದ್ದರೆ ಯಾರನ್ನೂ ಕೇಳುತ್ತ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಫೋಟೋ ಹಿಡಿದು ಹೆದರಿಸುತ್ತಿದ್ದರೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.

ಬೇರೆಯವರ ರಿಪೋರ್ಟು ನಿಮಗೆ ಬಂದರೆ? ನಮ್ಮಲ್ಲಿ ಹಾಗಾಗಿತ್ತು, ಕಳಿಸಿದ್ದು ನಾನೇ. ಒಂದೇ ಹೆಸರು, ಒಂದೇ ಇನಿಷಿಯಲ್ಲು, ವಯಸ್ಸಿನಲ್ಲಿ ಎರಡು ವರ್ಷ ಅಂತರ. ಒಬ್ಬರ ಪ್ರೆಗ್ನೆನ್ಸಿ ಟೆಸ್ಟಿನ ರಿಪೋರ್ಟು ಇನ್ನೊಬ್ಬರಿಗೆ ಹೋಯಿತು. ಆ ಹೆಂಗಸು ಫೋನು ಮಾಡಲಿಲ್ಲ, ಮರುದಿನ ಬೆಳಿಗ್ಗೆ ನೇರ ಕೌಂಟರಿಗೇ ಬಂದರು. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಫೋನನ್ನು ನನ್ನ ಕಡೆ ತಿರುಗಿಸಿ, 'ಇದು ನಂದಲ್ಲಮ್ಮ' ಅಂದರು. ನನ್ನ ಎದುರೇ ಅಳಿಸಿದರು. ಗ್ಯಾಲರಿ ತೆಗೆದು ಅಲ್ಲೂ ಅಳಿಸಿದರು. ಯಾರದ್ದು ಎಂದು ಕೇಳಲಿಲ್ಲ.

ಇಂಥ ಸೋರಿಕೆ ಆದಾಗ ಯಾರ ಮಾಹಿತಿ ಸೋರಿತೋ ಅವರಿಗೆ ತಿಳಿಸಲೇಬೇಕು ಎಂದು ಹೊಸ ಕಾಯ್ದೆ ಹೇಳುತ್ತದೆ. ಆಗ ಆ ಕಾಯ್ದೆ ಬಂದಿರಲಿಲ್ಲ. ಡಾಕ್ಟರು 'ಬಿಡಮ್ಮ, ಅಳಿಸಿದ್ದಾರಲ್ಲ' ಅಂದರು. ನಾನೂ ಬಿಟ್ಟೆ. ರಿಪೋರ್ಟಿನ ಒಡತಿ ವಾರ ಬಿಟ್ಟು ಬಂದು, 'ನಂದು ಇನ್ನೂ ಬಂದಿಲ್ವಲ್ಲ' ಎಂದು ಕೇಳಿದಾಗ, ಪ್ರಿಂಟು ತೆಗೆದು ಲಕೋಟೆಗೆ ಹಾಕಿ ಕೊಟ್ಟೆ. ತಡವಾಗಿದ್ದು ಯಾಕೆಂದು ಕೇಳಿದರು. ಲ್ಯಾಬಿನವರು ಲೇಟು ಮಾಡಿದರು ಅಂದೆ.